ಬಾಸ್ಕ್ ಸಂಸತ್ತು: ಎರಡೂ ರಾಷ್ಟ್ರೀಯವಾದಿ, ಆದರೂ ದೂರ ದೂರ
ಸ್ಪೇನ್‌ನ ಉತ್ತರದ ಸ್ವಾಯತ್ತ ಪ್ರದೇಶವಾದ ಬಾಸ್ಕ್ ನಾಡಿನಲ್ಲಿ ಪಿಎನ್‌ವಿ (ಬಾಸ್ಕ್ ರಾಷ್ಟ್ರೀಯವಾದಿ ಪಕ್ಷ) ಮತ್ತು ಇಎಚ್ ಬಿಲ್ಡು ಎರಡೂ ಬಾಸ್ಕ್ ರಾಷ್ಟ್ರೀಯವಾದಿ ಪಕ್ಷಗಳಾಗಿದ್ದರೂ ಒಟ್ಟಿಗೆ ಏಕೆ ಆಳುವುದಿಲ್ಲ ಎಂದು ಕೇಳಿದ್ದೀರಿ. 2024ರ ಬಾಸ್ಕ್ ಸಂಸತ್ತಿನ ಚುನಾವಣೆಯಲ್ಲಿ 75 ಸ್ಥಾನಗಳ ಪೈಕಿ ಎರಡಕ್ಕೂ ತಲಾ 27 ಬಂದವು. ಕೂಡಿದರೆ ಬಹುಮತ ಸಲೀಸು, ಆದರೆ ಮನಸ್ಸು ಕೂಡಬೇಕಲ್ಲ! 1895ರಲ್ಲಿ ಹುಟ್ಟಿದ ಪಿಎನ್‌ವಿ ಕ್ರೈಸ್ತ ಪರಂಪರೆಯದು, ಉದ್ಯಮಸ್ನೇಹಿ, ಮ್ಯಾಡ್ರಿಡ್‌ನ ಕೇಂದ್ರ ಸರ್ಕಾರದ ಜೊತೆ ಚೌಕಾಸಿ ನಡೆಸಿ ಅಧಿಕಾರ ಪಡೆಯುವುದರಲ್ಲಿ ಪಳಗಿದ್ದು. ಬಿಲ್ಡು ಎಡಪಂಥೀಯ, ಸ್ಪೇನ್‌ನಿಂದ ಸ್ವಾತಂತ್ರ್ಯ ಬಯಸುವ ಮೈತ್ರಿಕೂಟ. ಅದರ ಪ್ರಮುಖ ಅಂಗವಾದ ಸೊರ್ತು ಪಕ್ಷದ ಬೇರು, 2018ರಲ್ಲಿ ವಿಸರ್ಜನೆಗೊಂಡ ಸಶಸ್ತ್ರ ಸಂಘಟನೆ ಎಟಾಗೆ ಹತ್ತಿರವಿದ್ದ ರಾಜಕೀಯ ಧಾರೆಯಲ್ಲಿದೆ. ಎಟಾದ ಹಿಂಸೆಯ ಗಾಯ ಇನ್ನೂ ಹಸಿಯಾಗಿದೆ. ಹಾಗಾಗಿಯೇ ಪಿಎನ್‌ವಿ ಸಮಾಜವಾದಿಗಳ 12 ಸ್ಥಾನಗಳನ್ನು ಸೇರಿಸಿಕೊಂಡು, 39ರ ಅಂಚಿನ ಬಹುಮತದಲ್ಲಿ ಸರ್ಕಾರ ರಚಿಸಿತು. (ಸರಿಸಮನಾಗಿ ಬೆಳೆದ ಎದುರಾಳಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ?)