ಹರಿದ ಟಾಪ್ ಬಿಡಿ, ಮೊದಲು ತುಕ್ಕು ನೋಡಿ
1992ರ ಮಾಜ್ಡಾ ಮಿಯಾಟಾ ಅನ್ನೋ ಎರಡು ಸೀಟಿನ ಕಾರಿನ ಟಾಪ್ (ಮಡಚುವ ಬಟ್ಟೆಯ ಚಾವಣಿ) ಹರಿದಿದೆ, ಕಾರು ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಟಾಪ್ ಬಗ್ಗೆ ಚಿಂತೆ ಬೇಡ, ಹೊಸದು ಸಿಗುತ್ತದೆ. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಪಟ್ಟಿ ಮುಟ್ಟಿ ನೋಡಿ. ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು ಇನ್ನೂ ಜಾಸ್ತಿ ಇರುತ್ತದೆ.

ಸೀಟಿನ ಹಿಂದೆ ಎರಡೂ ಮೂಲೆಯಲ್ಲಿ ಮಳೆನೀರು ಇಳಿಯುವ ತೂತುಗಳಿವೆ. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು ಕಬ್ಬಿಣ ತಿನ್ನುತ್ತದೆ. ಒಂದು ಲೋಟ ನೀರು ಸುರಿದು, ಬಗ್ಗಿ ಕಾರಿನಡಿ ನೋಡಿ. ಹಿಂದಿನ ಚಕ್ರದ ಮುಂದೆ ತೊಟ್ಟಿಕ್ಕಬೇಕು. ಇಲ್ಲದಿದ್ದರೆ ತೂತು ಕಟ್ಟಿಕೊಂಡಿದೆ ಅಂತ ಅರ್ಥ. ಆದರೆ ಗಟ್ಟಿ ತಂತಿ ಚುಚ್ಚಬೇಡಿ, ನೀರು ಇಳಿಯುವ ಕೊಳವೆ ಹರಿದುಹೋಗುತ್ತದೆ.

ಟೈಮಿಂಗ್ ಬೆಲ್ಟ್ (ಎಂಜಿನ್‌ನ ಭಾಗಗಳನ್ನು ಹೊಂದಿಸಿ ತಿರುಗಿಸುವ ಪಟ್ಟಿ) 60,000 ಮೈಲಿಗೊಮ್ಮೆ ಬದಲಿಸಬೇಕು. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ, ಅಲ್ವಾ? ಬೆಲೆ ಇಳಿಸಿ ಕೇಳಿ. ಬೆಲ್ಟ್ ಬದಲಿಸುವಾಗ ಜೊತೆಗೆ ಎಂಜಿನ್ ತಂಪು ಮಾಡುವ ವಾಟರ್ ಪಂಪನ್ನೂ ಹೊಸದು ಹಾಕಿಸಿಬಿಡಿ. ತುಕ್ಕಿಲ್ಲ ಅಂದರೆ ಖಂಡಿತ ತಗೊಳ್ಳಿ, ಓಡಿಸೋಕೆ ತುಂಬ ಖುಷಿ ಕೊಡುವ ಕಾರು. ಹೊಸ ಟಾಪ್‌ಗೂ ಹಿಂದೆ ಪ್ಲಾಸ್ಟಿಕ್ ಕಿಟಕಿಯೇ ಇದ್ದರೆ, ಮಡಚುವ ಮುಂಚೆ ಅದರ ಜಿಪ್ ಬಿಚ್ಚಿ.