ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಅರ್ಧ ದೇಶಕ್ಕೆ ಕಂಡರಾಗದವರು ಗೆಲ್ಲುವುದು ಹೇಗೆ?

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು, ಅಳಿಯ ಇಬ್ಬರೂ ನ್ಯೂಜೆರ್ಸಿಯಲ್ಲಿದ್ದಾರೆ. ಫೋನಿನಲ್ಲಿ ಟ್ರಂಪ್ ವಿಷಯ ಬಂದರೆ ಸಾಕು, ಇಬ್ಬರಿಗೂ ಜಗಳ. ಅವರ ಆಫೀಸಿನಲ್ಲೂ ಇದೇ ಕಥೆಯಂತೆ. ಇಷ್ಟೊಂದು ಜನಕ್ಕೆ ಕಂಡರಾಗದ ವ್ಯಕ್ತಿ ಎರಡು ಸಲ ಅಧ್ಯಕ್ಷರಾದದ್ದು ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ಕಂಡರಾಗದವರು ಎಷ್ಟು ಜನ ಅನ್ನುವುದರ ಮೇಲೆ ಸೋಲು ಗೆಲುವು ನಿಂತಿಲ್ಲ. ಆ ಜನರೆಲ್ಲ ಒಂದೇ ಕಡೆ ಸೇರಿದರಾ, ಸೇರಿದರೂ ವೋಟು ಎಣಿಸುವ ನಿಯಮ ಅವರ ಕೈಹಿಡಿಯಿತಾ ಅನ್ನುವುದರ ಮೇಲೆ ನಿಂತಿದೆ. ಮೂವತ್ತು ಚಿಲ್ಲರೆ ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಹುಡುಗರು ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿದ್ದರು, ಎಣಿಕೆಯ ನಿಯಮ ಬಂದಾಗ ಮಾತ್ರ ಆಕಳಿಸುತ್ತಿದ್ದರು. ಅದು ನನಗೆ ಈಗಲೂ ಬೇಸರವೇ. ಅಲ್ಲೇ ಅಲ್ವಾ ಎಲ್ಲ ತೀರ್ಮಾನ ಆಗುವುದು!

2016ನ್ನೇ ನೋಡಿ. ಹಿಲರಿ ಕ್ಲಿಂಟನ್ ಅವರಿಗೆ ಟ್ರಂಪ್‌ಗಿಂತ ಸುಮಾರು 29 ಲಕ್ಷ ವೋಟು ಜಾಸ್ತಿ ಬಿತ್ತು. ಆದರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳ ಲೆಕ್ಕದಲ್ಲಿ ಹಂಚಿದ 538 ಪ್ರತಿನಿಧಿಗಳು. ಹೆಚ್ಚುಕಮ್ಮಿ ಎಲ್ಲ ರಾಜ್ಯಗಳಲ್ಲೂ ಒಂದು ವೋಟಿನಿಂದ ಗೆದ್ದರೂ ಆ ರಾಜ್ಯದ ಪ್ರತಿನಿಧಿಗಳೆಲ್ಲ ಗೆದ್ದವರ ಪಾಲು. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಟ್ರಂಪ್ ಮುಂದಿದ್ದದ್ದು ಸುಮಾರು 78 ಸಾವಿರ ವೋಟಿನಿಂದ. ಅಷ್ಟೇ ಸಾಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಅವರನ್ನು ಬೇಡ ಅಂದವರ ಲಕ್ಷಗಟ್ಟಲೆ ವೋಟು ಅಲ್ಲೇ ಗುಡ್ಡೆ ಬಿದ್ದಿತ್ತು, ಬೇರೆಲ್ಲೂ ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ವಿಷಯ. ಆ ಸಲ ಎದುರಾಳಿಯೂ ಬಹಳ ಜನಕ್ಕೆ ಬೇಡವಾಗಿದ್ದರು. ವೋಟು ಹಾಕಿ ಹೊರಬಂದವರನ್ನು ಕೇಳಿದ ಸಮೀಕ್ಷೆಯಲ್ಲಿ ನೂರಕ್ಕೆ 18 ಜನ 'ಇಬ್ಬರೂ ನಮಗೆ ಇಷ್ಟವಿಲ್ಲ' ಅಂದರು. ಅವರಲ್ಲಿ 47 ಪಾಲು ಟ್ರಂಪ್ ಕಡೆ ಹೋಯಿತು, 30 ಪಾಲು ಕ್ಲಿಂಟನ್ ಕಡೆ. ನನ್ನ ಪ್ರಕಾರ ಇಡೀ ಚುನಾವಣೆಯ ಗುಟ್ಟು ಈ ಗುಂಪಿನಲ್ಲಿತ್ತು. ಜನರನ್ನು ಇಬ್ಭಾಗ ಮಾಡುವ ಅಭ್ಯರ್ಥಿಗೆ ಅಂಥದ್ದೇ ಎದುರಾಳಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1964 ಇದೆ. ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ತಮ್ಮ ಪಕ್ಷದ ಸಮಾವೇಶದಲ್ಲೇ, ಸ್ವಾತಂತ್ರ್ಯ ಕಾಪಾಡಲು ಅತಿರೇಕಕ್ಕೆ ಹೋದರೆ ತಪ್ಪಿಲ್ಲ ಅಂದುಬಿಟ್ಟರು. ಸ್ವಂತ ಪಕ್ಷದವರೇ ಬೆಚ್ಚಿದರು. ಎದುರಿಗಿದ್ದ, ಕೆನಡಿ ನಂತರ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಮೇಲೆ ಜನಕ್ಕೆ ಅಂಥ ಸಿಟ್ಟಿರಲಿಲ್ಲ. ಕೆನಡಿ ಹತ್ಯೆಯಾಗಿ ವರ್ಷವೂ ತುಂಬಿರಲಿಲ್ಲ. ಗೋಲ್ಡ್‌ವಾಟರ್ ಗೆದ್ದದ್ದು ಆರೇ ರಾಜ್ಯ.

2024ರ ಕಥೆ ಬೇರೆ. ಆ ಸಲ ಟ್ರಂಪ್ ಒಟ್ಟು ವೋಟಿನಲ್ಲೂ ಮುಂದಿದ್ದರು. ಆದರೂ ಅದು ನೂರಕ್ಕೆ 50 ಮುಟ್ಟಲಿಲ್ಲ. ಅಲ್ಲಿಯ ನಿಯಮ ಅದನ್ನು ಕೇಳುವುದೂ ಇಲ್ಲ.

ಪ್ರಶ್ನೆ: ಹಾಗಾದರೆ ಫ್ರಾನ್ಸ್‌ನ ಹಾಗೆ ಎರಡು ಸುತ್ತು ಇಟ್ಟರೆ ಇಂಥವರು ಗೆಲ್ಲುವುದೇ ಇಲ್ಲವಾ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಗೆಲ್ಲುವುದು ಕಷ್ಟ ಆಗುತ್ತದೆ. ಆಗುವುದೇ ಇಲ್ಲ ಅನ್ನಲು ಬರುವುದಿಲ್ಲ. ಅಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಅರ್ಧ ದಾಟದಿದ್ದರೆ ಮುಂದಿರುವ ಇಬ್ಬರ ನಡುವೆ ಮತ್ತೆ ವೋಟು.

2002ರ ಏಪ್ರಿಲ್ 21ರ ರಾತ್ರಿ ಫ್ರಾನ್ಸ್ ದಂಗಾಗಿ ಕೂತಿತು. ಕಣದಲ್ಲಿ 16 ಜನ. ಎಡಪಂಥೀಯರ ವೋಟು ಹಲವು ಕಡೆ ಚದುರಿತ್ತು. ಪ್ರಧಾನಿ ಜೋಸ್ಪಾನ್‌ಗೆ ಬಂದದ್ದು ನೂರಕ್ಕೆ 16.18. ವಲಸಿಗರ ವಿರುದ್ಧ ಕೆಂಡ ಕಾರುತ್ತಿದ್ದ ಜಾನ್ ಮಾರಿ ಲೆ ಪೆನ್‌ಗೆ 16.86. ಇಷ್ಟು ಸಣ್ಣ ಅಂತರದಲ್ಲಿ ಲೆ ಪೆನ್ ಎರಡನೇ ಸುತ್ತಿಗೆ ಬಂದರು. ಎದುರಿಗೆ ಹಾಲಿ ಅಧ್ಯಕ್ಷ ಶಿರಾಕ್. ಅವರ ಮೇಲೆ ಪ್ಯಾರಿಸ್ ಮೇಯರ್ ಆಗಿದ್ದ ಕಾಲದ ಭ್ರಷ್ಟಾಚಾರದ ಆರೋಪಗಳಿದ್ದವು.

ಅಲ್ಲಿ ವೋಟು ಹಾಕುವ ರೀತಿ ನಮ್ಮಂತಲ್ಲ. ಮೇಜಿನ ಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರಿನ ಚೀಟಿಯನ್ನೂ ಬೇರೆ ಬೇರೆ ಗುಡ್ಡೆ ಮಾಡಿಟ್ಟಿರುತ್ತಾರೆ. ಗುಟ್ಟು ಉಳಿಯಲಿ ಅಂತ ಬೇರೆ ಬೇರೆ ಹೆಸರಿನ ಚೀಟಿ ಎತ್ತಿಕೊಳ್ಳಬೇಕು. ಪರದೆಯ ಹಿಂದೆ ಹೋಗಿ ಒಂದನ್ನು ಲಕೋಟೆಗೆ ಹಾಕಬೇಕು. ಲಕೋಟೆ ಗಾಜಿನಂತೆ ಒಳಗೆಲ್ಲ ಕಾಣುವ ಪೆಟ್ಟಿಗೆಗೆ ಬಿದ್ದ ಕೂಡಲೇ ಅಧಿಕಾರಿ 'ವೋಟು ಹಾಕಿದರು' ಅಂತ ಗಟ್ಟಿಯಾಗಿ ಹೇಳುತ್ತಾರೆ. ಜೀವಮಾನವೆಲ್ಲ ಶಿರಾಕ್ ಪಕ್ಷವನ್ನು ಬೈದುಕೊಂಡು ಬಂದ ಕಾರ್ಮಿಕ ಸಂಘದವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಆ ಮೇ 5ರಂದು ಶಿರಾಕ್ ಹೆಸರಿನ ಚೀಟಿಯನ್ನೇ ಕೈಯಾರೆ ಮಡಿಚಿ ಲಕೋಟೆಗೆ ಹಾಕಿದರು. 'ಕಳ್ಳನಿಗಾದರೂ ಹಾಕಿ, ಫ್ಯಾಸಿಸ್ಟನಿಗೆ ಬೇಡ' ಅನ್ನುವ ಘೋಷಣೆ ಬೀದಿಯಲ್ಲೆಲ್ಲ ಕೇಳುತ್ತಿತ್ತು. ಶಿರಾಕ್‌ಗೆ ನೂರಕ್ಕೆ 82 ದಾಟಿತು. ಲೆ ಪೆನ್ 17.79ಕ್ಕೆ ನಿಂತರು. ಎರಡು ವಾರದಲ್ಲಿ ಒಂದು ಪಾಲು ಕೂಡ ಏರಲಿಲ್ಲ! ಇಷ್ಟವಿಲ್ಲದವರಿಗೆ ವೋಟು ಹಾಕಿ ದೇಶ ಉಳಿಸಿಕೊಂಡ ಆ ಜನರ ಬಗ್ಗೆ ನನಗೆ ನಿಜಕ್ಕೂ ದೊಡ್ಡ ಗೌರವವಿದೆ.

ಆದರೆ ಲೆ ಪೆನ್ ಅವರನ್ನು ತಡೆದ ಆ ಒಗ್ಗಟ್ಟಿನ ಗೋಡೆ ಸವೆಯುತ್ತಾ ಬಂತು. ಮಗಳು ಮರೀನ್ ಲೆ ಪೆನ್ ತಂದೆಯನ್ನೇ 2015ರಲ್ಲಿ ಪಕ್ಷದಿಂದ ಹೊರಗೆ ಹಾಕಿದರು, ಮಾತು ಮೆದು ಮಾಡಿಕೊಂಡರು. 2017ರ ಎರಡನೇ ಸುತ್ತಿನಲ್ಲಿ ಅವರಿಗೆ ಸುಮಾರು 34, 2022ರಲ್ಲಿ 41.45. ಒಂದೇ ಭಯವನ್ನು ತೋರಿಸಿ ಜನರನ್ನು ಎಷ್ಟು ಸಲ ಸೇರಿಸಲು ಆಗುತ್ತದೆ, ಹೇಳಿ?

ಇನ್ನು ಬ್ರೆಜಿಲ್. ಅಲ್ಲೂ ಎರಡು ಸುತ್ತೇ. ಆದರೂ 2018ರಲ್ಲಿ ಕಟ್ಟಾ ಬಲಪಂಥೀಯ ಬೊಲ್ಸೊನಾರೊ ನೂರಕ್ಕೆ 55 ತೆಗೆದುಕೊಂಡು ಗೆದ್ದರು. ಎದುರಿಗಿದ್ದ ಪಕ್ಷದ ಮೇಲೆ ಭ್ರಷ್ಟಾಚಾರದ ಸಿಟ್ಟು ಅಷ್ಟಿತ್ತು. ಅಲ್ಲಿಯ ಸಮೀಕ್ಷೆಗಳಲ್ಲಿ 'ಯಾರಿಗೆ ಏನೇ ಆದರೂ ವೋಟು ಹಾಕುವುದಿಲ್ಲ?' ಅಂತಲೇ ಒಂದು ಪ್ರಶ್ನೆ ಇರುತ್ತದೆ. ನಮ್ಮ ಟೀವಿಯವರು ಬೇರೆಯದನ್ನೆಲ್ಲ ಬಿಟ್ಟು ಇದೊಂದನ್ನು ಕಲಿತರೆ ಸಾಕು.

ಪ್ರಶ್ನೆ: ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದ ವೋಟು ಅಂತ ಇದೆಯಲ್ಲ, ಅದು ಯಾವತ್ತಾದರೂ ಕೆಲಸಕ್ಕೆ ಬಂದಿದೆಯಾ?
– ನಿವೃತ್ತ ಬ್ಯಾಂಕ್ ನೌಕರರು, ಚಿತ್ರದುರ್ಗ

ಉತ್ತರ: ಒಂದೇ ಸಲ, 1969ರಲ್ಲಿ. ಅದರ ಬೇರು ಬೆಂಗಳೂರಿನಲ್ಲೇ ಇದೆ.

ಮೊದಲು ನಿಯಮ. ರಾಷ್ಟ್ರಪತಿಯನ್ನು ಆರಿಸುವುದು ಸಂಸದರು, ಶಾಸಕರು. ಒಬ್ಬೊಬ್ಬರ ವೋಟಿಗೂ ಇಷ್ಟು ಅಂತ ಒಂದು ಮೌಲ್ಯ ಇರುತ್ತದೆ. ಚೀಟಿಯಲ್ಲಿ ಅವರು ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಕ್ರಮವಾಗಿ ಗುರುತು ಹಾಕುತ್ತಾರೆ. ತರಗತಿಯಲ್ಲಿ ಇದನ್ನು ಕಾಲೇಜು ಟೂರಿನ ವೋಟು ಮಾಡಿ ತೋರಿಸುತ್ತಿದ್ದೆ. ಅರವತ್ತು ಮಕ್ಕಳು ಅಂದುಕೊಳ್ಳಿ. ಗೋವಾಕ್ಕೆ 24, ಹಂಪಿಗೆ 20, ಜೋಗಕ್ಕೆ 16. ಸುಮ್ನೆ ಎಣಿಸಿದರೆ ಗೋವಾ ಗೆದ್ದಿತು. ಆದರೆ ಗೋವಾ ಬೇಕೇ ಬೇಕು ಅನ್ನುವವರಷ್ಟೇ ಗಟ್ಟಿಯಾಗಿ, ಗೋವಾ ಅಂದರೆ ಮನೆಯಲ್ಲಿ ಕಳಿಸುವುದೇ ಇಲ್ಲ ಅನ್ನುವವರೂ ಇರುತ್ತಾರೆ. ಜೋಗ ಬಿದ್ದುಹೋದ ಮೇಲೆ ಆ 16 ಜನರ ಎರಡನೇ ಆಯ್ಕೆ ನೋಡಿ: ಹಂಪಿಗೆ 14, ಗೋವಾಕ್ಕೆ 2. ಬಸ್ಸು ಹಂಪಿಗೆ ಹೊರಟಿತು. ಒಂದು ಗುಂಪಿಗೆ ಪ್ರಾಣ, ಉಳಿದವರಿಗೆ ಬೇಡವೇ ಬೇಡ ಅನ್ನುವ ಅಭ್ಯರ್ಥಿಯನ್ನು ಈ ನಿಯಮ ತಡೆಯುವುದು ಹೀಗೆ.

1969ರ ಜುಲೈನಲ್ಲಿ ಕಾಂಗ್ರೆಸ್ ಅಧಿವೇಶನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯಿತು. ಪಕ್ಷದ ಅಧ್ಯಕ್ಷರು ನಿಮ್ಮ ಚಿತ್ರದುರ್ಗದ ಕಡೆಯವರೇ, ಎಸ್. ನಿಜಲಿಂಗಪ್ಪ. ಬೆಂಗಳೂರಿನಲ್ಲೇ ಪಕ್ಷದ ಹಿರಿಯರು ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರ ಹೆಸರು ಗಟ್ಟಿ ಮಾಡಿದರು. ಆಮೇಲೆ ಇಂದಿರಾ ಕಡೆಯವರು 'ಆತ್ಮಸಾಕ್ಷಿಯಂತೆ ವೋಟು ಹಾಕಿ' ಅಂದರು. ಅಂದರೆ ಪಕ್ಷೇತರರಾಗಿ ನಿಂತ ವಿ.ವಿ. ಗಿರಿಯವರಿಗೆ ಹಾಕಿ ಅಂತ. ಪಕ್ಷ ಎರಡು ಹೋಳಾಯಿತು.

ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷದ ನಾಯಕರನ್ನು ಕಂಡು ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಕೊಡಿ ಅಂತ ಕೇಳಿದರು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ಮೊದಲ ಎಣಿಕೆಯಲ್ಲಿ ಗಿರಿಯವರ ವೋಟಿನ ಮೌಲ್ಯ 4,01,515, ರೆಡ್ಡಿಯವರದು 3,13,548. ಎರಡನೇ ಪ್ರಾಶಸ್ತ್ಯ ಸೇರಿಸಿದಾಗ ರೆಡ್ಡಿಯವರಿಗೆ 90 ಸಾವಿರಕ್ಕೂ ಜಾಸ್ತಿ ಬಂತು, ಗಿರಿಯವರಿಗೆ 18 ಸಾವಿರ ಚಿಲ್ಲರೆ. ನಿಜಲಿಂಗಪ್ಪನವರ ಓಡಾಟ ಫಲ ಕೊಟ್ಟಿತ್ತು, ಸಾಕಾಗಲಿಲ್ಲ ಅಷ್ಟೇ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗೆಲ್ಲಲು ಬೇಕಿದ್ದದ್ದು 4,18,169. ಪಕ್ಷ ಒಡೆದ ಅಭ್ಯರ್ಥಿಯೂ ಗೆಲ್ಲಬಹುದು, ಆದರೆ ಈ ನಿಯಮ ಅವರನ್ನು ಕೊನೆಯ ಮೆಟ್ಟಿಲವರೆಗೂ ಕಾಯಿಸಿತು.

ಪ್ರಶ್ನೆ: ಈ ಪದ್ಧತಿ ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ಕಡೆ ಇದೆಯಾ?
– ಓದುಗರು, ಮೈಸೂರು

ಉತ್ತರ: ಶ್ರೀಲಂಕಾದಲ್ಲಿದೆ. 2024ರಲ್ಲಿ ಅನುರ ಕುಮಾರ ದಿಸ್ಸನಾಯಕೆ ಮೊದಲ ಎಣಿಕೆಯಲ್ಲಿ ನೂರಕ್ಕೆ 42.31 ಪಡೆದರು. ಅವರ ಎಡಪಂಥೀಯ ಜೆವಿಪಿ (ಜನತಾ ವಿಮುಕ್ತಿ ಪೆರಮುನ) ಪಕ್ಷ ಎರಡು ಸಲ ಬಂದೂಕು ಹಿಡಿದು ದಂಗೆ ಎದ್ದ ಪಕ್ಷ, ಹಳಬರಿಗೆ ಆ ಭಯ ಇನ್ನೂ ಇದೆ. ಯಾರೂ ಅರ್ಧ ದಾಟದೆ ಆ ದೇಶದ ಇತಿಹಾಸದಲ್ಲೇ ಮೊದಲ ಸಲ ಎರಡನೇ ಎಣಿಕೆ ಮಾಡಬೇಕಾಯಿತು. ಆದರೆ ಹೆಚ್ಚಿನವರು ಒಂದೇ ಗುರುತು ಹಾಕಿ ಬಂದಿದ್ದರು. ಹಾಗಾಗಿ ಎರಡನೇ ಸ್ಥಾನದಲ್ಲಿದ್ದ ಸಜಿತ್ ಪ್ರೇಮದಾಸರಿಗೆ ಹೆಚ್ಚುವರಿ ಸಿಕ್ಕಿದ್ದು 1.68 ಲಕ್ಷದಷ್ಟು, ದಿಸ್ಸನಾಯಕೆಯವರಿಗೆ 1.05 ಲಕ್ಷದಷ್ಟು. ಫಲಿತಾಂಶ ಬದಲಾಗಲಿಲ್ಲ. ಚೀಟಿಯಲ್ಲಿ ಮೂರು ಗುರುತಿಗೆ ಜಾಗ ಇದ್ದೂ ಒಂದಕ್ಕೇ ಬಿಟ್ಟು ಬಂದದ್ದು ನನಗೆ ತುಂಬಾ ನೋವಿನ ಸಂಗತಿ.

ಅಮೆರಿಕದಲ್ಲೂ ಮೇನ್ ರಾಜ್ಯ 2020ರಿಂದ, ಅಲಾಸ್ಕ 2024ರಿಂದ ಅಧ್ಯಕ್ಷರ ಚುನಾವಣೆಯಲ್ಲಿ ಇದನ್ನು ಬಳಸುತ್ತಿವೆ. ಅಲಾಸ್ಕದಲ್ಲಿ ಇದನ್ನು ತೆಗೆದುಹಾಕಬೇಕಾ ಅಂತ ಅದೇ 2024ರಲ್ಲಿ ಜನರನ್ನೇ ಕೇಳಿದರು. ಕೂದಲೆಳೆಯ ಅಂತರದಲ್ಲಿ ಉಳಿಯಿತು.