ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ ಅವರ ಸಾಧನೆ ಏನು?

1982ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಿಶಾ ಮಿಲೆಟ್, ಭಾರತದ ಮಹಿಳಾ ಈಜಿನಲ್ಲಿ 1990ರ ದಶಕದ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ತಮ್ಮದಾಗಿಸಿಕೊಂಡವರು. ಬಾಲ್ಯದಲ್ಲಿ ನೀರಿನಲ್ಲಿ ಮುಳುಗುವ ಅಪಾಯದಿಂದ ಪಾರಾದ ಮಗಳ ಭಯ ಹೋಗಲಾಡಿಸಲು ತಂದೆಯೇ ಆಕೆಗೆ ಈಜು ಕಲಿಸಿದರು.

ಮುಂದೆ 100 ಮೀಟರ್ ಫ್ರೀಸ್ಟೈಲ್ ಅನ್ನು ಒಂದು ನಿಮಿಷದೊಳಗೆ ಪೂರೈಸಿದ ಮೊದಲ ಭಾರತೀಯ ಮಹಿಳೆ ಅವರಾದರು. 1999ರಲ್ಲಿ ಮಣಿಪುರದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರು ಗೆದ್ದ ಚಿನ್ನದ ಪದಕಗಳು 14. ಒಂದೇ ಕೂಟದಲ್ಲಿ ಅಷ್ಟು ಬಾರಿ ನೀರಿಗಿಳಿದು ಗೆಲ್ಲಲು ವೇಗದಷ್ಟೇ ದಣಿವು ತಾಳುವ ಶಕ್ತಿಯೂ ಬೇಕೆಂಬುದರಿಂದ, ನನ್ನ ದೃಷ್ಟಿಯಲ್ಲಿ ಇದೇ ಅವರ ಅತ್ಯುತ್ತಮ ಸಾಧನೆ.

2000ದ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತಮ್ಮ ಹೀಟ್ (ಆರಂಭಿಕ ಸುತ್ತಿನ ಗುಂಪು ಸ್ಪರ್ಧೆ) ಗೆದ್ದರೂ, ಒಟ್ಟಾರೆ ಸಮಯದ ಆಧಾರದಲ್ಲಿ ಸೆಮಿಫೈನಲ್ ತಲುಪಲಿಲ್ಲ. ಅವರಿಗೆ ಅರ್ಜುನ ಪ್ರಶಸ್ತಿಯೂ ಸಂದಿದೆ.

2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ಮತ್ತೆ ಕೊಳಕ್ಕಿಳಿದರೂ 2004ರ ಅಥೆನ್ಸ್ ಒಲಿಂಪಿಕ್ಸ್ ಅರ್ಹತೆ ಅಲ್ಪ ಅಂತರದಲ್ಲಿ ತಪ್ಪಿತು. ನಿವೃತ್ತಿಯ ನಂತರ ಅವರು ಬೆಂಗಳೂರಿನಲ್ಲಿ ಈಜು ತರಬೇತಿ ಅಕಾಡೆಮಿ ಆರಂಭಿಸಿದರು.